ಇಪ್ಪತ್ತಕ್ಕೆ ನಿಂತ ಕೈ

ನಾನು ಬಿದ್ದದ್ದು ಏಣಿಯ ಎರಡನೇ ಮೆಟ್ಟಿಲಿನಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಯಜಮಾನರು ಬೇಲೂರಿನಲ್ಲಿ ಹೇಳಿಕೊಂಡು ತಿರುಗಿದ ಕಥೆಯಲ್ಲಿ ನಾನು ಮೊದಲ ವಾರ ಏಣಿಯ ತುದಿಯಿಂದ ಬಿದ್ದೆ, ಎರಡನೇ ವಾರ ಅಟ್ಟದಿಂದ ಬಿದ್ದೆ, ತಿಂಗಳು ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ತೆಂಗಿನ ಮರದಿಂದಲೇ ಬಿದ್ದಿದ್ದೆ. ನಿಜ ಸಂಗತಿ ಇಷ್ಟೇ: ಕಣಕಟ್ಟೆಯ ನನ್ನ ತವರಿನಲ್ಲಿ ಕೊಬ್ಬರಿಗೆಂದು ಕಾಯಿ ತುಂಬಿಡುವ ಅಟ್ಟವಿದೆ, ಅದಕ್ಕೊಂದು ಮರದ ಏಣಿಯಿದೆ. "ನೀವು ಬಿಡಿ ಅತ್ತಿಗೆ, ನಾನು ಹತ್ತುತೀನಿ" ಎಂದ ತಮ್ಮನ ಹೆಂಡತಿಗೆ "ಈ ಏಣಿ ಮೇಲೆ ಆಡ್ಕೊಂಡು ಬೆಳೆದೋಳು ಕಣೇ ನಾನು" ಎಂದು ಜಂಬ ಕೊಚ್ಚಿ, ಸೆರಗು ಸಿಕ್ಕಿಸಿ, ಎರಡೇ ಮೆಟ್ಟಿಲು ಹತ್ತಿ, ಬಲಗೈ ಊರಿಕೊಂಡು ನೆಲಕ್ಕೆ ಬಂದೆ. ಮಣಿಕಟ್ಟು ಮುರಿಯಿತು. ಐವತ್ತು ದಾಟಿದ ಹೆಂಗಸಿನ ಜಂಬ ಇಳಿಸಲು ಎರಡು ಮೆಟ್ಟಿಲು ಧಾರಾಳವಾಗಿ ಸಾಕು.

ಆರು ವಾರ ಪ್ಲಾಸ್ಟರು. ಬಿಚ್ಚಿದಾಗ ಒಳಗಿನಿಂದ ಹೊರಬಂದದ್ದು ನನ್ನ ಕೈಯೇ ಎಂದು ನಂಬಲು ಕಷ್ಟವಾಯಿತು. ನುಗ್ಗೆಕಾಯಿಯಂತೆ ಒಣಗಿತ್ತು. ಪೆನ್ನು ಹಿಡಿದರೆ ಜಾರುತ್ತಿತ್ತು, ಡಬ್ಬಿಯ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ನಾನು ಹಳೇಬೀಡಿನ ಒಂದು ಶಾಲೆಯಲ್ಲಿ ಗುಮಾಸ್ತೆ. ದಿನಾ ಬೇಲೂರಿನಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಪ್ರವಾಸದ ತಿಂಗಳುಗಳಲ್ಲಿ ಆ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕರೆ ಅದೇ ಹಬ್ಬ. ನಿಂತೇ ಹೋಗಬೇಕು, ಮೇಲಿನ ಕಂಬಿ ಹಿಡಿಯಬೇಕು, ತಿರುವಿನಲ್ಲಿ ಪಕ್ಕದವರ ಮೇಲೆ ಬೀಳದಿರಲು ಬೆರಳಿನಲ್ಲಿ ಬಿಗಿ ಬೇಕು. ನನಗೆ ಅದೇ ಇರಲಿಲ್ಲ. ಎಡಗೈಯಲ್ಲಿ ಕಂಬಿ, ಬಲಗೈ ಎದೆಗೆ ಒತ್ತಿಕೊಂಡು, ಕಂಡಕ್ಟರಿಗೆ ಹಲ್ಲಿನಿಂದ ಪಾಸು ತೋರಿಸಿದ್ದೂ ಉಂಟು.

ಆದರೆ ನಮ್ಮ ಮನೆಗೆ ಬಂದ ನಿಜವಾದ ಸಂಕಟ ಬಸ್ಸಿನದ್ದಲ್ಲ, ಮುದ್ದೆಯದ್ದು. ಸಂಜೆ ಏಳೂವರೆಗೆ ಮುದ್ದೆ ಆಗಲೇಬೇಕು. ಸಾರು ಏನಿದ್ದರೂ ನಡೆಯುತ್ತದೆ, ಮುದ್ದೆ ಇಲ್ಲದಿದ್ದರೆ ಅದು ಊಟವೇ ಅಲ್ಲ. ಕುದಿಯುವ ನೀರಿಗೆ ಹಿಟ್ಟು ಸುರಿದು, ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಮುದ್ದೆ ಕೋಲು ಹಿಡಿದು ಗಂಟಾಗದಂತೆ ತಿರುವುವ ಕೆಲಸಕ್ಕೆ ಮುಂಗೈಯೆಲ್ಲ ಉಕ್ಕಾಗಬೇಕು. ಹಿಟ್ಟು ಗಟ್ಟಿಯಾದಷ್ಟೂ ಕೋಲು ಅಲ್ಲಾಡುವುದಿಲ್ಲ. ಈ ಕೆಲಸವನ್ನು ನಾನು ಇಪ್ಪತ್ತೇಳು ವರ್ಷ ಮಾಡಿದ್ದೇನೆ.

ಕೋಲು ನನ್ನ ಕೈಗೆ ಬಂದ ಬಗೆಯನ್ನು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಮದುವೆಯಾಗಿ ಗೆಂಡೆಹಳ್ಳಿಯ ಮನೆಗೆ ಬಂದ ಮೂರನೇ ದಿನ. ಮನೆಯಲ್ಲಿ ಒಂಬತ್ತು ಜನ. ಅತ್ತೆ ಒಲೆಯ ಮುಂದಿನಿಂದ ಎದ್ದು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮುಖ ಚಿಕ್ಕದು ಮಾಡಿ, "ನನ್ ಕೈಲಿ ಆಗಲ್ಲ ಕಣವ್ವ, ಹಿಡಿತಾನೇ ಇಲ್ಲ" ಎಂದು ಕೋಲನ್ನು ನನ್ನ ಕೈಗೆ ಕೊಟ್ಟರು. ಸರಿ ಎಂದು ತಿರುವಿದೆ. ಮಾರನೇ ಮಧ್ಯಾಹ್ನ ನೋಡುತ್ತೇನೆ, ಅದೇ ಹಿಡಿತವಿಲ್ಲದ ಕೈಯಲ್ಲಿ ಜಗಲಿಯ ಮೇಲೆ ಕೂತು ಮೊಳಗಟ್ಟಲೆ ಕನಕಾಂಬರ ಕಟ್ಟುತ್ತಿದ್ದಾರೆ! ಅಲ್ಲಿಗೆ ನನಗೆ ಅರ್ಥವಾಯಿತು. ಸೊಸೆ ಬಂದಳೆಂದರೆ ಅತ್ತೆಯ ಕೈಗೆ ನೋವು ಬರುವುದು ಈ ಸೀಮೆಯ ಕಾಯಿಲೆ ಎಂದುಕೊಂಡೆ. ಶಾಲೆಯಲ್ಲಿ ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಟೀಚರುಗಳು "ಅತ್ತೆ ಕೈ ನೋವು ಮಾಡಿ ತೋರ್ಸಿ" ಎಂದು ಕೇಳುತ್ತಿದ್ದರು. ನಾನು ಮಣಿಕಟ್ಟು ಜೋಲು ಹಾಕಿ, ಮುಖ ಚಿಕ್ಕದು ಮಾಡಿ ತೋರಿಸುತ್ತಿದ್ದೆ. ಬಿದ್ದುಬಿದ್ದು ನಗುತ್ತಿದ್ದರು.

ಈಗ ಬೇಲೂರಿನ ಮನೆಯಲ್ಲಿ ನಾವು ಮೂರೇ ಜನ. ಎಂಬತ್ತೆರಡರ ಅತ್ತೆ, ಭೂಮಿ ಅಳೆಯುವ ಕೆಲಸದಿಂದ ನಿವೃತ್ತರಾದ ಯಜಮಾನರು, ಮುರಿದ ಕೈಯ ನಾನು. ಅತ್ತೆಗೆ ಹಲ್ಲಿಲ್ಲದ್ದರಿಂದ ಅಗಿಯದೆ ನುಂಗುವ ಮುದ್ದೆಯೇ ಬೇಕು. ಹೀಗಾಗಿ ಅರವತ್ತು ವರ್ಷ ಒಲೆಯ ಕಡೆ ಬೆನ್ನು ಹಾಕಿ ಕೂತಿದ್ದ ಮನುಷ್ಯ ಮುದ್ದೆ ಕೋಲು ಹಿಡಿಯಬೇಕಾಯಿತು. ಅವರ ಮೊದಲ ಮುದ್ದೆಯನ್ನು ನಾನು ಮರೆಯುವುದಿಲ್ಲ. ಮುರಿದರೆ ಒಳಗೆ ಗೋಲಿಯಷ್ಟು ಗಾತ್ರದ ಹಸಿ ಹಿಟ್ಟಿನ ಗಂಟುಗಳು. ಕಚ್ಚಿದರೆ ಪುಡಿ ಹಾರಿ ಮೂಗಿಗೆ ಬರುತ್ತಿತ್ತು.

ಮೂಳೆ ಡಾಕ್ಟರು ಮೆತ್ತನೆಯ ಚೆಂಡನ್ನು ಒತ್ತಿ ಅಂದಿದ್ದರು. ಚೆಂಡು ಎಂದರೆ ನಮ್ಮ ಯಜಮಾನರಿಗೆ ಸಮಾಧಾನವಾಗಲಿಲ್ಲ. ಬದುಕೆಲ್ಲ ಗುಂಟೆ, ಎಕರೆ ಎಂದು ಅಳೆದವರು. ಅಳತೆಗೆ ಸಿಗದ್ದನ್ನು ಅವರು ನಂಬುವುದಿಲ್ಲ. "ಚೆಂಡು ಒತ್ತಿದ್ರೆ ಎಷ್ಟು ಒತ್ದೆ ಅಂತ ಹೆಂಗೆ ಗೊತ್ತಾಗ್ತದೆ?" ಎಂದು ಕೇಳಿ, ಫೋನಿನಲ್ಲಿ ಎರಡು ದಿನ ಹುಡುಕಿ, ಒಂದು ಗ್ರಿಪ್ಪರ್ ತರಿಸಿದರು. ಎರಡು ಹಿಡಿ, ನಡುವೆ ಒಂದು ಸ್ಪ್ರಿಂಗು, ಪಕ್ಕದಲ್ಲೊಂದು ತಿರುಪು. ತಿರುಪನ್ನು ಸುತ್ತಿದರೆ ಬಿಗಿ ಐದು ಕೆಜಿಯಿಂದ ಅರವತ್ತು ಕೆಜಿಯವರೆಗೆ ಏರುತ್ತದೆ. ಎಷ್ಟು ಸಲ ಒತ್ತಿದೆ ಎಂದು ಎಣಿಸಲು ಒಂದು ಪುಟ್ಟ ಕಿಟಕಿ. ಆ ಕೆಜಿ ಸಂತೆಯ ತಕ್ಕಡಿಯ ಕೆಜಿ ಅಲ್ಲವೆಂದು ನನಗೆ ಆಗಲೇ ಅನುಮಾನವಿತ್ತು. ಅತ್ತೆ ಅದನ್ನು ತಿರುಗಿಸಿ ನೋಡಿ "ಇಕ್ಕಳ" ಎಂದು ಹೆಸರಿಟ್ಟರು. ಮನೆಯಲ್ಲಿ ಅದೇ ಹೆಸರು ನಿಂತಿತು.

ಅಂದೇ ಆಜ್ಞೆಯೂ ಆಯಿತು. "ನಲವತ್ತು ಬರಲಿ ಕಣೇ. ನಲವತ್ತು ಬಂದ ದಿನ ಮುದ್ದೆ ಕೋಲು ನಿನ್ನ ಕೈಗೆ. ಅಲ್ಲೀಗಂಟ ನಾನೇ ತಿರುವ್ತೀನಿ."

"ನಲವತ್ತೇ ಯಾಕ್ರೀ?"

"ಅರವತ್ತರಲ್ಲಿ ಮೂರನೇ ಎರಡು ಭಾಗ" ಎಂದರು, ಹದ್ದುಬಸ್ತಿನ ಕಲ್ಲು ನೆಟ್ಟಷ್ಟು ಖಡಾಖಂಡಿತವಾಗಿ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ನನ್ನ ಅಂಕಿ ಬರೆಯುವುದೆಂದು ತೀರ್ಮಾನವಾಯಿತು.

ಇಕ್ಕಳ ತಂದದ್ದು ನನಗೆ, ಮೊದಲು ಹಿಡಿದದ್ದು ಅವರು. ಮೂವತ್ತೈದಕ್ಕೆ ತಿರುಪು ಸುತ್ತಿ, ಪಡಸಾಲೆಯ ಕನ್ನಡಿಯ ಮುಂದೆ ಬನಿಯನ್ನಿನಲ್ಲಿ ನಿಂತು, ದಬದಬನೆ ಇನ್ನೂರು ಸಲ ಒತ್ತಿದರು. ಪೂರ್ತಿ ಮುಚ್ಚಿದ್ದು ಬಹುಶಃ ಇಪ್ಪತ್ತು ಸಲ. ಉಳಿದದ್ದೆಲ್ಲ ಅರ್ಧಂಬರ್ಧ, ಆದರೆ ಕಿಟಕಿಯ ಅಂಕಿ ಅದನ್ನೂ ಎಣಿಸಿತು, ಅವರೂ ಎಣಿಸಿದರು. ಮಾರನೇ ಬೆಳಗ್ಗೆ ಕಾಫಿ ಲೋಟ ಎತ್ತಲು ಬರಲಿಲ್ಲ. ಮೂರು ದಿನ ಗಡ್ಡ ಹೆರೆಯಲಿಲ್ಲ. ಮೊಣಕೈ ಹಿಡಿದುಕೊಂಡು "ಥಂಡಿ ಜಾಸ್ತಿ ಆಗೈತೆ ಈ ಸಲ" ಎಂದರು. ಹೊರಗೆ ಚುರುಗುಟ್ಟುವ ಬಿಸಿಲಿತ್ತು.

ನಾನು ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟ ಹುಡುಗಿ ಹೇಳಿದಂತೆಯೇ ಮಾಡಿದೆ. ಮೊಣಕೈ ಪಕ್ಕೆಗೆ ತಾಗಿರಬೇಕು. ನಿಧಾನ ಮುಚ್ಚಬೇಕು, ಮೂರು ಎಣಿಸುವತನಕ ಮುಚ್ಚಿಯೇ ಹಿಡಿಯಬೇಕು, ಬಿಡುವಾಗ ಇನ್ನೂ ನಿಧಾನ. ಹತ್ತು ಸಲ ಎಳ್ಳಷ್ಟೂ ಮೋಸವಿಲ್ಲದೆ ಮುಚ್ಚುವತನಕ ತಿರುಪಿನ ತಂಟೆಗೆ ಹೋಗಬಾರದು. ಒಂದು ದಿನ ಮಾಡಿದರೆ ಒಂದು ದಿನ ಬಿಡುವು. ಮುಂಗೈಗೆಂದು ಮೇಜಿನ ಅಂಚಿನಲ್ಲಿ ಕೈ ಚಾಚಿ, ರಾಗಿ ತುಂಬಿದ ಪುಟ್ಟ ಚೀಲ ಹಿಡಿದು ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸುವುದು. ಮೊದಲ ದಿನ ಐದರಲ್ಲಿ ನಾಲ್ಕು ಸಲ ಒತ್ತುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಮೂರನೇ ವಾರಕ್ಕೆ ಐದು ಹಗುರವಾಯಿತು. ಆಮೇಲೆ ಹತ್ತು. ಆಮೇಲೆ ಹದಿನೈದು. ಕ್ಯಾಲೆಂಡರಿನಲ್ಲಿ ಅಂಕಿ ಏರುತ್ತಿತ್ತು, ನಮ್ಮ ಯಜಮಾನರ ಮುಖ ಅರಳುತ್ತಿತ್ತು. ಹೆಂಡತಿಯ ಕೈ ಸರಿಹೋಗುತ್ತಿದೆ ಎಂಬ ಸಂತೋಷ ಎಂದು ನಾನು ಭಾವಿಸಿದ್ದೆ. ಎಷ್ಟು ಒಳ್ಳೆಯವಳು ನೋಡಿ ನಾನು.

ಇಪ್ಪತ್ತು ಬಂದ ವಾರವೇ ಬಸ್ಸಿನಲ್ಲಿ ಬಲಗೈ ಎತ್ತಿ ಕಂಬಿ ಹಿಡಿದೆ. ದೊಡ್ಡ ತಿರುವು ಬಂತು, ಬಸ್ಸು ವಾಲಿತು, ಕೈ ಬಿಡಲಿಲ್ಲ. ಸುತ್ತ ಇದ್ದ, ಪ್ರವಾಸಕ್ಕೆ ಬಂದ ಮಕ್ಕಳಿಗೆಲ್ಲ ಹೇಳಬೇಕೆನಿಸಿತು. ಅಷ್ಟು ಖುಷಿಯಾಗಿತ್ತು.

ಅದರ ಮರುವಾರ ಇಪ್ಪತ್ತೈದೂ ಬಂತು. ಸಂಜೆ ಹೇಳೋಣವೆಂದು ಅಡುಗೆಮನೆಗೆ ಹೋದೆ. ನಮ್ಮ ಯಜಮಾನರು ಪಂಚೆ ಎತ್ತಿ ಕಟ್ಟಿ, ಪಾತ್ರೆಯನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬೆವರು ಸುರಿಸುತ್ತ ಕೋಲು ತಿರುವುತ್ತಿದ್ದರು. ನಾನು ಮಣೆಯ ಮೇಲೆ ಕೂತೆ. ಏಳೂವರೆಗೆ ಕೂತಿದ್ದೆ! ಇಪ್ಪತ್ತೇಳು ವರ್ಷದಲ್ಲಿ ಜ್ವರ, ಬಾಣಂತನ ಬಿಟ್ಟರೆ ಏಳೂವರೆಗೆ ನಾನು ಕೂತದ್ದೇ ಇಲ್ಲ. ತಟ್ಟೆಗೆ ಮುದ್ದೆ ಬಿತ್ತು. ಗಂಟಿತ್ತು. ಆದರೆ ಬಿಸಿಯಿತ್ತು, ಮತ್ತು ನಾನು ಮಾಡಿದ್ದಾಗಿರಲಿಲ್ಲ. ಹುರುಳಿಕಾಳಿನ ಸಾರಿನಲ್ಲಿ ಅದ್ದಿ ನುಂಗಿದೆ. ನಾಲಗೆಯ ತುದಿಯಲ್ಲಿದ್ದ ಇಪ್ಪತ್ತೈದು ಆ ಮುದ್ದೆಯ ಜೊತೆಗೇ ಒಳಗಿಳಿಯಿತು.

ಆ ಭಾನುವಾರ ಅವರ ಮುಂದೆ ಇಪ್ಪತ್ತಕ್ಕೆ ತಿರುಪು ಸುತ್ತಿ, ಆರನೇ ಸಲಕ್ಕೆ ಹಲ್ಲು ಕಚ್ಚಿ, ಎಂಟನೇ ಸಲಕ್ಕೆ "ಅಯ್ಯಯ್ಯೋ" ಎಂದು ಬಿಟ್ಟೆ. ಕ್ಯಾಲೆಂಡರಿನಲ್ಲಿ ಇಪ್ಪತ್ತು. ಮುಂದಿನ ಭಾನುವಾರ ಇಪ್ಪತ್ತು. ಅದರ ಮುಂದಿನದ್ದೂ ಇಪ್ಪತ್ತು. ಮೂರು ತಿಂಗಳು ನನ್ನ ಕೈ ಇಪ್ಪತ್ತಕ್ಕೇ ನಿಂತಿತು. ನಟನೆಗೆ ಗುರುಗಳು ಮನೆಯಲ್ಲೇ ಇದ್ದರಲ್ಲ. ಮಣಿಕಟ್ಟು ಜೋಲು ಹಾಕುವುದು, ಮುಖ ಚಿಕ್ಕದು ಮಾಡುವುದು, ಎಲ್ಲವನ್ನೂ ಅತ್ತೆಯಿಂದಲೇ ಎತ್ತಿಕೊಂಡಿದ್ದೆ. ಅವರ ಎದುರೇ ಅವರ ಪಾತ್ರ ಅಭಿನಯಿಸುವಾಗ ಒಳಗೊಳಗೇ ನಗು ಬರುತ್ತಿತ್ತು. ಅತ್ತೆ ಸುಮ್ಮನೆ ನೋಡುತ್ತಿದ್ದರು.

ಇಲ್ಲಿ ಒಂದು ತೊಂದರೆಯಿತ್ತು. ಇಕ್ಕಳದ ಹುಚ್ಚು ನನಗೆ ನಿಜವಾಗಿಯೂ ಹಿಡಿದುಬಿಟ್ಟಿತ್ತು. ಮೂವತ್ತು ಒತ್ತಿದವಳಿಗೆ ಮೂವತ್ತೈದು ಒತ್ತುವತನಕ ನೆಮ್ಮದಿಯಿಲ್ಲ. ಮನೆಯಲ್ಲಿ ಮಾಡುವಂತಿಲ್ಲ. ಊಟದ ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಒಯ್ದೆ, "ಮಧ್ಯಾಹ್ನಾನೂ ಮಾಡ್ಬೇಕಂತೆ ರೀ" ಎಂದು ಸುಳ್ಳು ಹೇಳಿ. ಕಚೇರಿಯಲ್ಲಿ ದಾಖಲಾತಿ ರಿಜಿಸ್ಟರು ತೆರೆದಿಟ್ಟುಕೊಂಡು ಮೇಜಿನ ಕೆಳಗೆ ಒತ್ತುತ್ತಿದ್ದೆ. ಸ್ಪ್ರಿಂಗು ಕೀಚ್ ಕೀಚ್ ಎನ್ನುತ್ತಿತ್ತು. ಪಕ್ಕದ ಮೇಜಿನ ಗುಮಾಸ್ತರಿಗೆ ಇಲಿ ಬಂದಿದೆ ಎಂದು ಖಾತ್ರಿಯಾಯಿತು. ಒಣಕೊಬ್ಬರಿಯ ಚೂರು ಸಿಕ್ಕಿಸಿ ಬೋನು ಇಟ್ಟರು. ನನ್ನ ಕಾಲ ಬುಡದಲ್ಲೇ ಇಟ್ಟರು. ನಾನು ಕೊಬ್ಬರಿ ಸೀಮೆಯವಳು, ಬೋನಿನಲ್ಲಿದ್ದ ಕೊಬ್ಬರಿ ಕನಿಷ್ಠ ದರ್ಜೆಯದ್ದು ಎಂದು ನೋಡಿದ ಕೂಡಲೇ ಹೇಳಬಲ್ಲವಳಾಗಿದ್ದೆ. ಬಾಯಿ ಬಿಡಲಿಲ್ಲ. ಬೋನಿನ ಮೇಲೆ ಕಾಲಿಟ್ಟುಕೊಂಡೇ ನಲವತ್ತು ದಾಟಿದೆ.

ಬಲ ಬಂದಿದೆ, ಯಾರಿಗೂ ತೋರಿಸುವಂತಿಲ್ಲ. ಈ ಸಂಕಟ ಅನುಭವಿಸಿದವರಿಗೇ ಗೊತ್ತು. ಮನೆಯಲ್ಲಿ ನಮ್ಮ ಯಜಮಾನರು ಮೂವತ್ತೈದರಲ್ಲಿ ಮುಖ ಕೆಂಪು ಮಾಡಿಕೊಂಡು ಒತ್ತಿ, ತೋಳು ಮುಟ್ಟಿ ನೋಡಿಕೊಂಡು, "ಗಂಡಸ್ರ ಮೂಳೇನೇ ಬೇರೆ ಕಣೇ, ನೀನು ಬೇಜಾರು ಮಾಡ್ಕೋಬೇಡ" ಎಂದು ಸಮಾಧಾನ ಹೇಳುತ್ತಿದ್ದರು. ನಾನು ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಅವರ ಕೈಗೇ ಕೊಟ್ಟು ತೆಗೆಸುತ್ತಿದ್ದೆ. ತೆಗೆದ ಮೇಲೆ "ಅಬ್ಬಾ" ಎನ್ನುತ್ತಿದ್ದೆ. ಆ ಅಬ್ಬಾ ಎನ್ನುವುದಕ್ಕೆ ನಲವತ್ತೈದು ಕೆಜಿ ಒತ್ತುವುದಕ್ಕಿಂತ ಹೆಚ್ಚು ಶಕ್ತಿ ಬೇಕಾಗುತ್ತಿತ್ತು.

ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿತ್ತು. ಹಲ್ಲಿಲ್ಲದ ಅತ್ತೆ ಆ ಗಂಟಿನ ಮುದ್ದೆಯನ್ನು ತುಟಿಪಿಟಕ್ಕೆನ್ನದೆ ನುಂಗುತ್ತಿದ್ದರು. ಮೂರು ತಿಂಗಳಾದರೂ ಗಂಟು ಕಡಿಮೆಯಾಗಿರಲಿಲ್ಲ. ಮಧ್ಯಾಹ್ನ ಏನು ಉಂಡಿರಿ ಎಂದರೆ ತಾಯಿ ಮಗ ಇಬ್ಬರೂ "ಬೆಳಗಿನ ಅನ್ನ, ಮಜ್ಜಿಗೆ" ಎನ್ನುತ್ತಿದ್ದರು. ಪಾಪ ಎನಿಸುತ್ತಿತ್ತು. ಇನ್ನೊಂದು ತಿಂಗಳು ನೋಡಿ, ನಲವತ್ತು ಬಂತೆಂದು ಹೇಳಿಬಿಡೋಣವೇ ಎಂದು ಮೆತ್ತಗಾಗುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ. ಅರ್ಧ ದಿನ ಮುಗಿದ ಮೇಲೂ ಕಡತ ನೋಡಿಕೊಂಡು ಮೂರರ ಹೊತ್ತಿಗೆ ಮನೆ ಸೇರುವವಳು ನಾನು. ಅಂದು ಕೆಲಸವಿರಲಿಲ್ಲ, ಬಸ್ಸೂ ಸಿಕ್ಕಿತು, ಹನ್ನೆರಡೂವರೆಗೇ ಬಂದೆ. ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ನಮ್ಮ ಯಜಮಾನರು ಮುದ್ದೆ ತಿರುವುತ್ತಿದ್ದರು. ಬೆವರಿಲ್ಲ, ಗೊಣಗಾಟವಿಲ್ಲ. ಕವೆಗೋಲಿಗೆ ಪಾತ್ರೆ ಕೊಟ್ಟು, ಕೋಲನ್ನು ಬುಡದಿಂದ ಎತ್ತಿ ಎತ್ತಿ ಮಗುಚುತ್ತಿದ್ದರು, ಬಾಯಲ್ಲಿ ಸಿಳ್ಳೆ ಬೇರೆ. ಮುದ್ದೆ ಮಣೆಯ ಮೇಲೆ ಸುರುವಿ, ಕೈ ಒದ್ದೆ ಮಾಡಿಕೊಂಡು, ಎರಡು ಸುತ್ತು ಉರುಳಿಸಿದ್ದೇ ತಡ, ಮುದ್ದೆ ಮಿರಿಮಿರಿ ಮಿಂಚುತ್ತ ಗುಂಡಗೆ ಬಂದು ಅತ್ತೆಯ ತಟ್ಟೆಗೆ ಬಿತ್ತು. ಅತ್ತೆ ಮುರಿದರು. ಒಂದೇ ಒಂದು ಗಂಟಿಲ್ಲ. ನಾನು ಮಾಡಿದ್ದರೂ ಅಷ್ಟು ನುಣ್ಣಗೆ ಬರುತ್ತಿರಲಿಲ್ಲ.

ಅತ್ತೆ ಒಂದು ತುತ್ತು ನುಂಗಿ, "ರಾತ್ರಿಗೆ ಗಂಟು ಹಾಕಾದ ಮರೀಬ್ಯಾಡ ಕಣ್ಲಾ. ನೆನ್ನೆ ಕಮ್ಮಿ ಆಗಿದ್ವು. ಅವಳಿಗೆ ಅನುಮಾನ ಬಂದಾತು" ಎಂದರು.

"ಕೊನೇಲಿ ಒಂದು ಹಿಡಿ ಹಸಿ ಹಿಟ್ಟು ಉದುರಿಸ್ತೀನಿ ಬಿಡಮ್ಮ" ಎಂದರು ಮಗ.

ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಬಂದೆ. ಪೇಟೆಯ ಕಡೆ ನಡೆದು, ಒಂದು ಹೋಟೆಲಿನಲ್ಲಿ ಕೂತು ಎರಡು ಕಾಫಿ ಕುಡಿದೆ. ಮೈ ಉರಿಯುತ್ತಿತ್ತು. ಹಸಿ ಹಿಟ್ಟು ಉದುರಿಸುತ್ತಾರಂತೆ! ನಾನು ರೋಸಿಹೋಗಿ ಕೋಲು ಕಿತ್ತುಕೊಳ್ಳಲಿ ಎಂದು ಮೂರು ತಿಂಗಳು ಗಂಟು ತಿನ್ನಿಸಿದ್ದಾರೆ. ನಾನು ಪಾಪ ಪಾಪ ಎಂದು ಮರುಗಿದ್ದೇನೆ. ಎದುರು ಮೇಜಿನವರು ನೋಡುವಷ್ಟು ಜೋರಾಗಿ ಲೋಟ ಕುಕ್ಕಿದೆ. ಕೋಪದ ಮಧ್ಯೆ ಊಟದ ಚೀಲದೊಳಗಿನ ಇಕ್ಕಳ ತೊಡೆಗೆ ತಾಗಿತು. ನಾನು ಯಾವ ಬಾಯಲ್ಲಿ ಕೇಳಲಿ? ಮೂರಕ್ಕೆ ಮನೆಗೆ ಹೋಗಿ "ಊಟ ಆಯ್ತಾ?" ಎಂದೆ. "ಬೆಳಗಿನ ಅನ್ನ, ಮಜ್ಜಿಗೆ" ಎಂದರು ಇಬ್ಬರೂ. ಸಂಜೆ ಗಂಟುಗಳನ್ನು ಎಣಿಸಿಕೊಂಡು ನುಂಗಿದೆ. ಹನ್ನೊಂದಿದ್ದವು.

ಮಾರನೇ ದಿನ ಭಾನುವಾರ. ನಮ್ಮ ಯಜಮಾನರ ಜೊತೆ ಯಗಚಿ ಹೊಳೆ ಕಡೆ ವಾಕಿಂಗ್ ಹೋಗುವ ಇಬ್ಬರು ಕಾಫಿಗೆ ಬಂದರು. ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು, ಇನ್ನೊಬ್ಬರು ನಿವೃತ್ತ ಬಸ್ ಡ್ರೈವರ್. ಇಕ್ಕಳ ಪಡಸಾಲೆಯಲ್ಲಿ ಕೈಯಿಂದ ಕೈಗೆ ಹೋಯಿತು. ಡ್ರೈವರಿಗೆ ಉಂಗುರ ಅಡ್ಡ ಬಂತು. ಮೇಷ್ಟ್ರಿಗೆ ಹಿಡಿ ಸಣ್ಣದಾಯಿತು. ಗಂಡಸರ ಬಲಕ್ಕೆ ಯಾವಾಗಲೂ ಏನಾದರೊಂದು ಅಡ್ಡ ಬಂದೇ ಬರುತ್ತದೆ. ನಮ್ಮ ಯಜಮಾನರು ಅಂದು ಹುರುಪಿನಲ್ಲಿ ನಲವತ್ತಕ್ಕೇ ಸುತ್ತಿದರು. ಕತ್ತಿನ ನರ ಉಬ್ಬಿತು, ಪಾದ ನೆಲ ಬಿಟ್ಟಿತು, ಹಿಡಿಗಳು ಕೂಡಲಿಲ್ಲ.

"ಅಮ್ಮಾವ್ರು ಎಷ್ಟು ಒತ್ತುತಾರೆ?" ಎಂದು ಮೇಷ್ಟ್ರು ಕೇಳಿದರು.

"ಪಾಪ, ಇಪ್ಪತ್ತು ಮೇಷ್ಟ್ರೇ. ಅಲ್ಲಿಗೇ ನಿಂತೋಗೈತೆ. ಹೆಂಗಸ್ರ ಕೈ ಅಲ್ವಾ, ಅಷ್ಟೇಯ. ಮನೇಲಿ ಮುದ್ದೇನೂ ನಂದೇ ಈಗ, ಏನ್ ಮಾಡಾದು" ಎಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಬೇಡವಾಗಿತ್ತು. ಅದೊಂದನ್ನು ಬಿಡದಿದ್ದರೆ ನಾನು ಇನ್ನೂ ಒಂದು ವರ್ಷ ಇಪ್ಪತ್ತರಲ್ಲೇ ಇರುತ್ತಿದ್ದೆ.

ಕಾಫಿ ತಟ್ಟೆ ಕೆಳಗಿಟ್ಟೆ. ಇಕ್ಕಳ ತೆಗೆದುಕೊಂಡೆ. ಎಲ್ಲರಿಗೂ ಕಾಣುವಂತೆ ತಿರುಪನ್ನು ನಲವತ್ತೈದಕ್ಕೆ ಸುತ್ತಿದೆ. ಮೊಣಕೈ ಪಕ್ಕೆಗೆ. ನಿಧಾನ ಮುಚ್ಚಿದೆ, ಮೂರು ಎಣಿಸಿದೆ, ನಿಧಾನ ಬಿಟ್ಟೆ. ಹತ್ತು ಸಲ. ಕೀಚ್ ಕೀಚ್ ಎನ್ನುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಡ್ರೈವರ್ ಕಾಫಿ ನೆತ್ತಿಗೇರಿಸಿಕೊಂಡರು. ನಮ್ಮ ಯಜಮಾನರು ಕ್ಯಾಲೆಂಡರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಮತ್ತೆ ಕ್ಯಾಲೆಂಡರಿನ ಕಡೆ ನೋಡಿದರು. ಅತಿಥಿಗಳಿಬ್ಬರಿಗೂ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು.

"ಮೂರು ತಿಂಗಳಿಂದ ಮೋಸ ಮಾಡಿದೀಯಲ್ಲೇ!" ಎಂದರು ನಮ್ಮ ಯಜಮಾನರು, ಬಂದವರು ಹೋದ ಮೇಲೆ.

"ಕೊನೇಲಿ ಎಷ್ಟು ಹಿಡಿ ಹಸಿ ಹಿಟ್ಟು ಉದುರಿಸ್ತೀರಿ ಹೇಳಿ. ಒಂದಾ, ಎರಡಾ?"

ಅವರು ತಿರುಗಿ ಅಮ್ಮನ ಮುಖ ನೋಡಿದರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಅತ್ತೆ ಬೊಚ್ಚು ಬಾಯಿ ಬಿಟ್ಟು ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು "ಕೊಡವ್ವ ಇಲ್ಲಿ ಆ ಇಕ್ಕಳಾನ. ನಾನೂ ಒಂದ್ ಕೈ ನೋಡ್ತೀನಿ" ಎಂದರು.

"ಎಷ್ಟಕ್ಕೆ ಇಡ್ಲಮ್ಮ?" ಎಂದರು ಮಗ.

"ಎಲ್ಲಾಕ್ಕಿಂತ ಚಿಕ್ಕದು ಯಾವುದೈತೋ ಅದಕ್ಕೆ."

ಐದಕ್ಕೆ ಇಳಿಸಿ ಕೊಟ್ಟೆ. ಅತ್ತೆ ಬಲಗೈಯಲ್ಲಿ ಹಿಡಿದು ಒತ್ತಿದರು. ಹಿಡಿಗಳು ಅಲ್ಲಾಡಲಿಲ್ಲ. ಬೆರಳು ಸರಿಯಾಗಿ ಕೂರಿಸಿಕೊಂಡು ಮತ್ತೆ ಒತ್ತಿದರು. ಇಲ್ಲ. ಎಡಗೈಯನ್ನೂ ಸೇರಿಸಿ, ಎದೆಗೆ ಒತ್ತಿಕೊಂಡು, ತುಟಿ ಬಿಗಿದು ಒತ್ತಿದರು. ಮುಖ ಚಿಕ್ಕದಾಯಿತು. ಮಣಿಕಟ್ಟು ಜೋಲಿತು. ನಾನು ಶಾಲೆಯಲ್ಲಿ ಟೀಚರುಗಳಿಗೆ ಮಾಡಿ ತೋರಿಸುತ್ತಿದ್ದ ಮುಖ ಅದು.

"ನಾಟಕ ಸಾಕು ಬಿಡಮ್ಮ" ಎಂದು ನಮ್ಮ ಯಜಮಾನರು ನಕ್ಕರು. ನನಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅತ್ತೆಯ ಅಂಗೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ಮಾಂಸವಿರಲಿಲ್ಲ. ಬೆರಳಿಟ್ಟರೆ ಇಳಿಯುವಷ್ಟು ಗುಳಿ. ಪ್ಲಾಸ್ಟರು ಬಿಚ್ಚಿದ ದಿನ ನನ್ನ ಕೈಯಲ್ಲೂ ಆ ಜಾಗ ಬತ್ತಿತ್ತು, ಇಷ್ಟಲ್ಲ. ನನ್ನದು ಆರು ವಾರಕ್ಕೆ ಹಾಗಾಗಿತ್ತು. ಈ ಕೈಯನ್ನು ದಿನವೂ ನೋಡಿದ್ದೇನೆ, ತಟ್ಟೆ ಕೊಟ್ಟಿದ್ದೇನೆ, ಮಾತ್ರೆ ಇಟ್ಟಿದ್ದೇನೆ. ಗುಳಿಯನ್ನು ನೋಡಿರಲಿಲ್ಲ.

ಅತ್ತೆ ಇಕ್ಕಳವನ್ನು ತೊಡೆಯ ಮೇಲಿಟ್ಟುಕೊಂಡು "ಇದು ಕೆಟ್ಟೋಗೈತೆ ಕಣವ್ವ" ಎಂದರು.

"ಹೂಂ ಅತ್ತೆ, ಕೆಟ್ಟೋಗೈತೆ" ಎಂದೆ. ಆಮೇಲೆ ತಡೆಯಲಾರದೆ ಕೇಳಿದೆ: "ನಾನು ಬಂದ ಮೂರನೇ ದಿನ ಕೈಯಲ್ಲಿ ಹಿಡಿತ ಇಲ್ಲ ಅಂದ್ರಲ್ಲ, ಅದು ಎಷ್ಟು ದಿನದಿಂದ ಇತ್ತು?"

"ನಿನ್ ಗಂಡ ಐದ್ನೇ ಕ್ಲಾಸು ಓದ್ತಿದ್ದಾಗಿಂದ."

ನಮ್ಮ ಯಜಮಾನರ ನಗು ನಿಂತಿತು. ಅವರಿಗೆ ಈಗ ಅರವತ್ತೊಂದು. ನಾನು ಬಂದಾಗ ಮೂವತ್ತಮೂರು ದಾಟಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಹಿಡಿತವಿಲ್ಲದ ಕೈ ಒಂಬತ್ತು ಜನಕ್ಕೆ ಎರಡು ಹೊತ್ತು ಮುದ್ದೆ ತಿರುವಿತ್ತು. ಕೋಲನ್ನು ನನಗೆ ಕೊಟ್ಟಾಗ ಅತ್ತೆಗೆ ಐವತ್ತೈದು. ಹೆಚ್ಚುಕಡಿಮೆ ಈಗ ನನ್ನ ವಯಸ್ಸು.

"ಯಾರಿಗೂ ಹೇಳಲಿಲ್ವಾ ಅತ್ತೆ?"

"ಎಲ್ರಿಗೂ ಹೇಳ್ದೆ. ನಮ್ಮತ್ತೇಗೆ ಹೇಳ್ದೆ, ನಿಮ್ ಮಾವಂಗೆ ಹೇಳ್ದೆ. ಹೂ ಕಟ್ಟಕ್ಕೆ ಆಯ್ತದೆ, ಹಿಟ್ಟು ತಿರುವಕ್ಕೆ ಆಗಲ್ವಾ ಅಂದ್ರು. ದಾರ ಎಳೆಯಾದೂ ಕೋಲು ಎಳೆಯಾದೂ ಒಂದೇನಾ? ನಿಂಗೂ ಹೇಳ್ದೆ ಕಣವ್ವ. ನೀನೂ ಮೂಗು ಮುರಿದೆ."

"ನಾನು ನಿಮ್ಮನ್ನ ಅಣಕಿಸ್ತಿದ್ದದ್ದೂ ನಿಮಗೆ ಗೊತ್ತಿತ್ತಾ?"

"ನನ್ ಕೈಗೆ ಬಲ ಇಲ್ದೇ ಇರಬೌದು. ಕಣ್ಣಿಗೆ ಇಲ್ವಾ?" ಎಂದು ಅತ್ತೆ ಮತ್ತೆ ನಕ್ಕರು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಯಜಮಾನರು ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಮಗುಚಿ ಹಾಕಿದರು. ಅತ್ತೆಯ ಕೈಯನ್ನು ನಾನು ನನ್ನ ಕೈಗೆ ತೆಗೆದುಕೊಂಡೆ. ನಲವತ್ತೈದು ಒತ್ತಿ ಬಂದ ಕೈ, ಬಿಗಿಯಾಗಿ ಹಿಡಿಯಲು ಹೆದರಿಕೆಯಾಯಿತು. ಸುಮ್ಮನೆ ಅಂಗೈ ಮೇಲೆ ಇಟ್ಟುಕೊಂಡು ಕೂತೆ. ಸಂಜೆ ಏಳೂವರೆಗೆ ನಾನೂ ಯಜಮಾನರೂ ಏಕಕಾಲಕ್ಕೆ ಕೋಲಿಗೆ ಕೈ ಹಾಕಿದೆವು. ಅವರು ಬಿಡಲಿಲ್ಲ, ನಾನು ಪಾತ್ರೆಗೆ ಕವೆಗೋಲು ಕೊಟ್ಟು ಅದುಮಿ ಹಿಡಿದೆ. ಅಂದಿನ ಮುದ್ದೆಯಲ್ಲಿ ಒಂದೇ ಒಂದು ಗಂಟಿರಲಿಲ್ಲ. ಅತ್ತೆ ಎರಡು ಮುದ್ದೆ ಉಂಡರು. ನಾನು ಅರ್ಧ ಮುದ್ದೆಗೇ ಕೈ ತೊಳೆದೆ.